ಕುವೈತಿನಿಂದ ಐದು ತಾಸು

ಹರಪನಹಳ್ಳಿ ಬಸ್ಸು ನೀಲಗುಂದದ ಹತ್ತಿರ ಪಂಕ್ಚರಾಯಿತು. ಸುಮ್ಮನೆ ನಿಲ್ಲುವ ಅಭ್ಯಾಸ ನನಗಿಲ್ಲ. ಪಕ್ಕದ ಹೊಲದಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡು ಅತ್ತ ನಡೆದೆ. ಗುಡ್ಡೆಯಾಚೆ ಹೆಣ ಹೂಳುವ ಕುಣಿ. ಅದರೊಳಗೆ ನಡುವಯಸ್ಸಿನವನೊಬ್ಬ ಕಾಲು ಮಡಿಸಿ ಕೂತಿದ್ದ. ಮೇಲೆ ಅವನ ಸೋದರತ್ತೆ ಕೊಡೆ ಹಿಡಿದಿದ್ದಳು.

“ನಮ್ಮಣ್ಣ ಕುವೈತ್‌ನಾಗ ತೀರ್ಯಾನ್ರಿ,” ಎಂದ ಅವನು. “ವಿಮಾನದಾಗ ಬೆಂಗಳೂರಿಗೆ ಐದ ತಾಸು ಅಂದ್ರು. ನಸುಕಿನ್ಯಾಗ ಕುಣಿ ತೋಡಿಸಿಬಿಟ್ವಿ. ನೋಡಿದ್ರ ಕಾಗದಪತ್ರನ ಆಗಿಲ್ಲ.”

ತೋಡಿದ ಕುಣಿ ಖಾಲಿ ಬಿಟ್ಟರೆ ಮನೆಯ ಇನ್ನೊಬ್ಬರನ್ನು ಕರೆಯುತ್ತದಂತೆ. ಅದಕ್ಕೇ ಬೆಳಗಿನಿಂದ ಅವನು ಕೂತಿದ್ದ.

ಅವನ ಫೋನು ಒಮ್ಮೆ ರಿಂಗಾಗಿ ನಿಂತಿತು. “ಕುವೈತಿಂದ ಅದು! ಇಲ್ಲಿ ಸಿಗ್ನಲ್ ಸಿಗವಲ್ದು. ಸರ, ಒಂದೈದ ಮಿನಿಟ ನೀವು ಇಳೀರಿ. ಅತ್ತಿ ಮಂಡಿ ಬಗ್ಗಂಗಿಲ್ಲ. ನೀವು ಮನಿಯಾವ್ರಲ್ಲ, ನಿಮಗೇನೂ ಆಗಂಗಿಲ್ಲ.”

ಚಪ್ಪಲಿ ಜೋಡಿಸಿಟ್ಟು ಇಳಿದೆ. ಬಿಸಿಲು ಮೇಲೆಯೇ ಉಳಿಯಿತು. ಹೆಣ ಕೂರಿಸಲೆಂದು ಕುಣಿಯ ಗೋಡೆಯಲ್ಲಿ ಕೊರೆದ ಗೂಡಿಗೆ ನನ್ನ ಬೆನ್ನು, ತಲೆ, ಮಂಡಿ ಸರಿಯಾಗಿ ಹೊಂದಿದವು.

“ಅಳತಿ ಬರೋಬರಿ ಐತಿ,” ಎಂದು ಅತ್ತೆ ಬಗ್ಗಿ ನೋಡಿ ಸಮಾಧಾನಪಟ್ಟಳು. “ಅವನೂ ಇಷ್ಟ ಎತ್ತರ ಇದ್ದ.”

ಮೇಲೆ ಅವನು ಕೂಗಿದ: “ಕಾಗದ ಆದ್ವಂತ! ಅಣ್ಣ ವಿಮಾನ ಹತ್ತ್ಯಾನಂತ! ಅವ್ವಗ ಹೇಳಿ ಬರ್ತೀನಿ.”

ನಾನು ಏಳಲು ಕೈ ಊರಿದೆ.

“ಏಳಬ್ಯಾಡ್ರಿ ಸರ,” ಎಂದಳು ಅತ್ತೆ. “ಇನ್ನ ಐದ ತಾಸು ಐತಿ.”

ಊರ ಕಡೆ ಓಡುವ ಅವನ ಹೆಜ್ಜೆ ಬೆನ್ನಿನ ಮಣ್ಣಿನಲ್ಲಿ ತಿಳಿಯುತ್ತಿತ್ತು. ಆಮೇಲೆ ಅದೂ ನಿಂತಿತು.