ತಾಮ್ರದ ಕೊಡದಲ್ಲಿ ರಾಜೂರ ಕೆರೆಯ ಹೂಳು

ನರಗುಂದ ಬಿಡುವಾಗಲೇ ಮೋಡ ಕಟ್ಟಿತ್ತು. ಗುಡ್ಡದ ಮೇಲಿನ ಕೋಟೆ ಕಾಣುತ್ತಿರಲಿಲ್ಲ. ಅಣೆಕಟ್ಟು, ಕೆರೆಗಳ ತಳದ ಹೂಳಿನಲ್ಲಿ ತಾಮ್ರ, ಸೀಸ, ಸತುವು ಎಷ್ಟು ಸೇರಿವೆ ಎಂದು ನೋಡುವುದು ನನ್ನ ಸಂಶೋಧನೆ. ಉಳಿದ ಕಡೆಯ ಮಣ್ಣೆಲ್ಲ ಕೂಡಿಸಿಯಾಗಿತ್ತು. ಗಜೇಂದ್ರಗಡದ ಹತ್ತಿರದ ರಾಜೂರ ಕೆರೆಯೊಂದೇ ಬಾಕಿ. ಮಳೆ ಬಂದು ಅದು ತುಂಬಿತೋ, ಮುಂದಿನ ಬೇಸಿಗೆಯವರೆಗೆ ತಳ ಸಿಗದು. ಅಷ್ಟರಲ್ಲಿ ನನ್ನ ಫೆಲೋಶಿಪ್ಪೇ ಮುಗಿದಿರುತ್ತದೆ.

ಬಸ್ಸು ಕೈ ಅಡ್ಡ ಹಿಡಿದವರಿಗೆಲ್ಲ ನಿಂತು ನಿಂತು ರೋಣ ಮುಟ್ಟಿತು. ಗಿರ್ಮಿಟ್ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಪರಿಚಯದ ಖಾಜಾಸಾಬನ ಟಂಟಂ ಆಟೊ ಹತ್ತಿದೆ.

“ಅಕ್ಕಾರ, ಮಳಿ ಏನ್ ನಿಮ್ಮ ಬೆನ್ನ ಹತ್ತೇತೇನ್ರಿ?” ಎಂದು ನಕ್ಕ.

“ಹೌದಪಾ, ಲಗೂ ಹೊಡಿ,” ಎಂದೆ.

ಅಬ್ಬಿಗೇರಿ ದಾಟಿದರೂ ಎರಡೂ ಕಡೆ ಎರೆಹೊಲ ಮುಗಿಯಲೊಲ್ಲದು. ಹತ್ತು ಸಲ ಆಕಾಶ ನೋಡಿದೆನೇನೋ.

ರಾಜೂರ ಕೆರೆಯಲ್ಲಿ ಜನ ಹೂಳು ತೋಡಿ ಹೊಲಕ್ಕೆ ಹೇರುತ್ತಿದ್ದರು. ದಂಡೆಯ ಮನೆಯ ನೀಲವ್ವ, ಐವತ್ತರ ಆಸುಪಾಸಿನ ಹೆಂಗಸು, ಸಲಿಕೆ ಹಿಡಿದು ನೆರವಿಗೆ ಬಂದಳು. “ಕಬ್ಬಿಣ ತಾಗಬಾರದ್ರಿ,” ಎಂದು ತಡೆದು, ಪ್ಲಾಸ್ಟಿಕ್ ಸೌಟಿನಿಂದ ಹಸಿ ಹೂಳು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ಹೂಳನ್ನು ತಣ್ಣಗಿಡಲು ತಂದಿದ್ದ ಪೆಟ್ಟಿಗೆಯ ಐಸ್ ಪೂರ್ತಿ ಕರಗಿತ್ತು. ಚೀಲವನ್ನು ಅವಳ ಮನೆಯ ನೆರಳಲ್ಲಿಟ್ಟು, ಐಸ್ ತರಲು ಖಾಜಾಸಾಬನೊಡನೆ ಗಜೇಂದ್ರಗಡಕ್ಕೆ ಹೋದೆ.

ತಿರುಗಿ ಬಂದಾಗ ಚೀಲ ಖಾಲಿ. ಪಕ್ಕದಲ್ಲಿ ಥಳಥಳ ಹೊಳೆಯುವ ತಾಮ್ರದ ಕೊಡ, ಅದರೊಳಗೆ ನನ್ನ ಹೂಳು!

“ಚೀಲ ಸೋರಾಕತ್ತಿತ್ರಿ,” ಎಂದಳು ನೀಲವ್ವ. “ಕಬ್ಬಿಣ ಬ್ಯಾಡ ಅಂದಿದ್ರಲ್ಲ, ಹುಣಸಿಹಣ್ಣ ಹಚ್ಚಿ ತಿಕ್ಕಿ ಕೊಡದಾಗ ಹಾಕೇನ್ರಿ. ತಾಮ್ರದಾಗ ಶುದ್ಧ ಇರ್ತೈತಿ.”

“ಅಯ್ಯ ನಮ್ಮವ್ವಾ! ನಾ ಹುಡಕೂದ ತಾಮ್ರ! ತಾಮ್ರ, ಬೆಳ್ಳಿ, ಬಂಗಾರ, ಏನೂ ತಾಗಬಾರದಿತ್ತು!” ಎಂದು ಚೀರಿದೆ. ಅವಳ ಮುಖ ಸಣ್ಣದಾಯಿತು. ಹೊರಗೆ ದಪ್ಪ ಹನಿ ಬೀಳತೊಡಗಿತ್ತು.

ಮೂವರೂ ಕೆರೆಗೆ ಓಡಿದೆವು. ಹಳ್ಳದ ಕೆಂಪು ನೀರು ಆಗಲೇ ನುಗ್ಗುತ್ತಿತ್ತು. ಸೌಟು ನೋಡಿದರೆ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು. ಇನ್ನು ಕೈಯೇ ಗತಿ. ಖಾಜಾಸಾಬನ ಬೆರಳಲ್ಲಿ ಹರಳಿನ ಬೆಳ್ಳಿ ಉಂಗುರ, ವರ್ಷಗಳಿಂದ ತೆಗೆಯದ್ದು. ನನ್ನ ಉಂಗುರವನ್ನು ಎಷ್ಟು ತಿರುವಿದರೂ ಬರಲಿಲ್ಲ. ಮೇಲೆ ಬಳೆ, ತಾಳಿ, ಕಾಲುಂಗುರ. ಅಳು ಬಂದುಬಿಟ್ಟಿತು.

ನೀಲವ್ವ ನನ್ನ ಕೈಕಾಲು ನೋಡುತ್ತ ನಿಂತಿದ್ದಳು.

“ನೀವು ನಿಂದರ್ರಿ. ನಾ ಇಳೀತೇನಿ.”

“ಬ್ಯಾಡ್ರೀ, ನಿಮ್ಮ ಮೈಮ್ಯಾಲೂ...” ಎಂದವಳು ಆಗ ಅವಳನ್ನು ಸರಿಯಾಗಿ ನೋಡಿದೆ. ಕೈ, ಕಿವಿ, ಕೊರಳು, ಕಾಲ್ಬೆರಳು ಎಲ್ಲ ಬರಿದು.

“ಅವ್ರು ಹೋದಾಗ ಎಲ್ಲಾ ತಗದಾರ್ರಿ. ನಿಮಗ ಬ್ಯಾಡಾದದ್ದು ನನ್ನ ಮೈಮ್ಯಾಲ ಏನೂ ಉಳದಿಲ್ಲ,” ಎಂದಳು. ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿ ಕಸಿದುಕೊಂಡು, ಸೀರೆ ಎತ್ತಿ ಕಟ್ಟಿ, ನೀರು ಇನ್ನೂ ಮುಟ್ಟದ ನಡುಭಾಗಕ್ಕೆ ನಡೆದಳು. ಮೊಣಕಾಲವರೆಗೆ ಹುದುಗಿ, ಬರಿಗೈಯಲ್ಲಿ ಬಗೆದು ತುಂಬಿಕೊಂಡು ಬಂದಳು. ಬೆನ್ನ ಹಿಂದೆಯೇ ನೀರು ಬಂತು.

“ಈಗ ನಡೀತೈತಲ್ರಿ?”

“ನಡೀತೈತ್ರಿ ನೀಲವ್ವಾರ,” ಎಂದೆ. ಚೀರಿದ್ದಕ್ಕೆ ನಾಚಿಕೆಯಾಗಿ, ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ಬಿಗಿದೆ.

ಟಂಟಂ ಹೊರಟಿತು. ಡಬ್ಬಿಯಿದ್ದ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿ ನೋಡಿದೆ. ನೀಲವ್ವ ಮಳೆಯಲ್ಲೇ ನಿಂತು ಕೈ ಬೀಸುತ್ತಿದ್ದಳು. ನಾನೂ ಬೀಸಲೆಂದು ಕೈ ಎತ್ತಿದೆ. ಬಳೆ ಸಪ್ಪಳವಾಯಿತು. ಕೈ ಇಳಿಸಿದೆ.