ಟವೆಲ್ ಕಪಾಟಿನ ಸರ್ವರ್ ಮೇಲೆ ದಾಳಿ

ನನ್ನಕ್ಕನ ಬ್ಯೂಟಿ ಪಾರ್ಲರಿನಲ್ಲಿ ಇರುವವರು ಮೂರೇ ಜನ. ಕತ್ತರಿ ಹಿಡಿಯುವವಳು ಅಕ್ಕ, ಗಿರಾಕಿಗಳ ತಲೆ ತೊಳೆಯುವವಳು ನಾನು, ನಮ್ಮಿಬ್ಬರ ತಲೆ ತಿನ್ನುವವರು ಭಾವ.

ಭಾವ ಬಾಟಲಿ ಕಾರ್ಖಾನೆಯಲ್ಲಿ ಪಾಳಿ ನೋಡಿಕೊಳ್ಳುತ್ತಿದ್ದವರು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ತಿಂಗಳುಗಟ್ಟಲೆ ಗೋಡೆ ನೋಡುತ್ತಾ ಕೂತಿದ್ದರು. ಆಮೇಲೊಂದು ದಿನ ಎಲ್ಲಿಂದಲೋ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದು, ಪಾರ್ಲರಿನ ಹಿಂಬದಿ ಕೋಣೆಯ ಟವೆಲ್ ಕಪಾಟಿನಲ್ಲಿಟ್ಟು, "ಇದು ನಮ್ಮ ಸರ್ವರ್" ಎಂದರು. ವಿಡಿಯೊ ನೋಡಿ ನೋಡಿ ಕಲಿತು, ಗಿರಾಕಿಗಳು ಫೋನಿನಲ್ಲೇ ಸಮಯ ಕಾದಿರಿಸುವ ವೆಬ್‌ಸೈಟೊಂದನ್ನು ಅದರಲ್ಲಿ ಕೂರಿಸಿದರು. "ಈಗೇನು ಮಾಡ್ತಿದ್ದೀರಿ?" ಎಂದು ಯಾರಾದರೂ ಕೇಳಿದರೆ, "ಸರ್ವರ್ ನೋಡ್ಕೊಳ್ತಿದ್ದೀನಿ" ಎನ್ನುವಾಗ ಅವರ ಎದೆ ಉಬ್ಬುತ್ತಿತ್ತು. ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆದರೆ ಆ ವಾರ ಸರ್ವರ್ ಹಾಸಿಗೆ ಹಿಡಿಯಿತು. ತೆರೆದವರಿಗೆಲ್ಲ 502 ಎಂಬ ಅಂಕಿ ಕಾಣಿಸುತ್ತಿತ್ತೇ ಹೊರತು ಪುಟ ಕಾಣಿಸುತ್ತಿರಲಿಲ್ಲ. ಗಿರಾಕಿಗಳ ಬೈಗುಳ ಕೇಳಿ ಕೇಳಿ ಸಾಕಾದ ಅಕ್ಕ ಬಾಚಣಿಗೆಯನ್ನು ಭಾವನ ಕಡೆ ಚಾಚಿದಳು.

"ರೀ, ಸಂಜೆಯೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಯಾವ್ದಾದ್ರೂ ಕಂಪನಿಯವರಿಗೆ ಕೊಟ್ಬಿಡ್ತೀನಿ. ನೀವು ಆರಾಮಾಗಿ ಮನೇಲಿರಿ."

ಆ 'ಆರಾಮಾಗಿ' ಕೇಳಿ ಭಾವನ ಮುಖ ಸಣ್ಣಗಾಯಿತು. ನನಗೆ ಅಕ್ಕನ ಮೇಲೆ ಸಿಟ್ಟೇ ಬಂತು.

ಭಾವ ಟೊಂಕ ಕಟ್ಟಿ ನಿಂತರು. ಮೊದಲ ಅನುಮಾನ ಬಿಸಿಯ ಮೇಲೆ. ಕೂದಲು ಒಣಗಿಸುವ ಡ್ರೈಯರುಗಳನ್ನೆಲ್ಲ ಬಂದ್ ಮಾಡಿಸಿದರು. ಒದ್ದೆ ತಲೆಯಲ್ಲಿ ಕೂತಿದ್ದ ಹೊಲಿಗೆ ಟೀಚರ್ ನಮ್ಮ ಟವೆಲ್ ಸಮೇತ ಎದ್ದು ಹೋದರು. ಸರ್ವರ್ ಮಾತ್ರ ಹಾಗೇ ಮಲಗಿತ್ತು.

ಅಷ್ಟರಲ್ಲಿ ಪುಟ ತೆರೆಯುತ್ತಿಲ್ಲವೆಂದು ನಮ್ಮ ಗಿರಾಕಿ ಔಷಧಿ ಅಂಗಡಿ ಆಂಟಿಯ ಫೋನ್ ಬಂತು.

"ಆಂಟಿ, ಪರದೆ ಮೇಲೆ ಏನೇನಿದೆಯೋ ಒಂದೂ ಬಿಡದೆ ಓದಿ" ಎಂದರು ಭಾವ.

"ಮೇಲೆ ಬಲಗಡೆ ನಲವತ್ತೊಂದು ಅಂತಿದೆಯಪ್ಪಾ."

ಭಾವ ನಲವತ್ತೊಂದು ಎಂಬ ದೋಷಕ್ಕಾಗಿ ಇಂಟರ್‌ನೆಟ್ಟನ್ನೆಲ್ಲ ಜಾಲಾಡಿದರು. ಸಿಗಲಿಲ್ಲ. ಮತ್ತೆ ಫೋನ್ ಮಾಡಿದರೆ ಆಂಟಿ, "ಈಗ ಮೂವತ್ತೆಂಟಾಗಿದೆ" ಎಂದರು. "ಭೇಷ್! ದೋಷ ಇಳೀತಾ ಇದೆ!" ಎಂದು ಭಾವ ಕುಣಿದಾಡಿಬಿಟ್ಟರು. ಅದು ಆಂಟಿಯ ಫೋನಿನ ಬ್ಯಾಟರಿ ಎಂದು ತಿಳಿಸಿ ಹೇಳಬೇಕಾದದ್ದು ನನ್ನ ಹಣೆಬರಹ.

ಸರ್ವರನ್ನು ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ನೆಟ್ಟಗಿರುತ್ತಿತ್ತು. ಭಾವ ಕೂಡಲೇ ಗಿರಾಕಿಗಳ ಗುಂಪಿಗೆಲ್ಲ, "ಸರಿಯಾಗಿದೆ! ಎಲ್ಲರೂ ಒಮ್ಮೆ ತೆರೆದು ನೋಡಿ ತಿಳಿಸಿ" ಎಂದು ಮೆಸೇಜ್ ಹಾಕುತ್ತಿದ್ದರು. ಅದು ಮತ್ತೆ ಮಲಗುತ್ತಿತ್ತು. ಎಬ್ಬಿಸುವುದು, ಡಂಗುರ ಸಾರುವುದು, ಮಲಗುವುದು. ಮಧ್ಯಾಹ್ನದವರೆಗೂ ಇದೇ ಆಯಿತು.

ಊಟವಾದ ಮೇಲೆ ಭಾವ ಲ್ಯಾಪ್‌ಟಾಪ್ ಹಿಡಿದು ಓಡಿ ಬಂದರು. ಸರ್ವರಿನ ಬಾಗಿಲಿಗೆ ಯಾರು ಯಾವಾಗ ಬಂದರೆಂದು ಸರ್ವರೇ ಗುರುತಿಟ್ಟುಕೊಳ್ಳುವ ಲಾಗ್ ತೆರೆದಿತ್ತು.

"ದಾಳಿ ಕಣಮ್ಮಾ, ದಾಳಿ! ನೋಡು, ಇಷ್ಟು ಹೊತ್ತು ನರಪಿಳ್ಳೆ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ನೂಕುನುಗ್ಗಲು. ಯಾರೋ ಹ್ಯಾಕರ್‌ಗಳು ನಮ್ಮ ಪಾರ್ಲರ್ ಮೇಲೆ ಕಣ್ಣು ಹಾಕಿದ್ದಾರೆ."

ನಾನು ಕೈಯ ನೊರೆ ಒರೆಸಿಕೊಂಡು, ಅವರ ಫೋನಿನ ಮೆಸೇಜುಗಳನ್ನು ಲಾಗಿನ ಪಕ್ಕ ಹಿಡಿದು ನೋಡಿದೆ. ಪ್ರತಿ ದಾಳಿಯೂ ಭಾವನ ಮೆಸೇಜಿನ ಬೆನ್ನಿಗೇ ಆಗಿತ್ತು.

"ಭಾವ, ನಿಮ್ಮ ಹ್ಯಾಕರ್‌ಗಳು ಯಾರು ಗೊತ್ತಾ? ಔಷಧಿ ಅಂಗಡಿ ಆಂಟಿ, ಹೊಲಿಗೆ ಟೀಚರ್, ಇನ್ನೂ ನಮ್ಮ ಗಿರಾಕಿಗಳೆಲ್ಲ. ಕರೆದವರು ನೀವೇ."

ಭಾವ ಪೆಚ್ಚಾದರು. ಆ ವಾರವಷ್ಟೇ ಅವರು ಪುಟದ ತುಂಬ ಅಕ್ಕನ ಜಡೆ, ತುರುಬುಗಳ ದೊಡ್ಡ ದೊಡ್ಡ ಫೋಟೊ ಬೇರೆ ತುರುಕಿ, ನೋಡಿ ಬನ್ನಿ ಎಂದು ಗುಂಪಿಗೆಲ್ಲ ಸಾರಿದ್ದರು. ಆ ಮುದಿ ಕಂಪ್ಯೂಟರ್ ಒಬ್ಬೊಬ್ಬರಾಗಿ ಬಂದರೆ ಹೇಗೋ ಸುಧಾರಿಸುತ್ತಿತ್ತು. ಎಲ್ಲರೂ ಒಟ್ಟಿಗೆ ನುಗ್ಗಿದರೆ ಏದುಸಿರು ಬಿಟ್ಟು ಮಲಗದೆ ಇನ್ನೇನು ಮಾಡೀತು?

ಫೋಟೊಗಳನ್ನೆಲ್ಲ ಚಿಕ್ಕದು ಮಾಡಿ ಭಾವ ಸರ್ವರನ್ನು ಎಬ್ಬಿಸಿದರು. ಪುಟ ಫಟ್ಟನೆ ತೆರೆಯಿತು. ತೆರೆದದ್ದೇ ತಡ, ಅವರ ಕೈ ಫೋನಿನತ್ತ ಹೋಯಿತು.

"ಸರಿಯಾಯ್ತು ಅಂತ ಎಲ್ಲರಿಗೂ ಒಂದೇ ಒಂದು ಮೆಸೇಜ್..."

ಫೋನ್ ಕಿತ್ತುಕೊಂಡು ಅದರ ಮೇಲೆ ಕೂತುಬಿಟ್ಟೆ.

ಸಂಜೆಯಾಗುತ್ತಾ ಬಂತು. ಯಾರ ಫೋನೂ ಇಲ್ಲ. ಹಿಂಬದಿ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದ ಭಾವನಿಗೆ ಜೀವ ತಡೆಯಲಿಲ್ಲ.

"ಯಾರೂ ಬೈತಾನೇ ಇಲ್ವಲ್ಲೇ. ಸತ್ತೇ ಹೋಯ್ತೇನೋ?"

"ಸರಿಯಾಗಿದ್ರೆ ಯಾರು ಫೋನ್ ಮಾಡ್ತಾರೆ ಭಾವ?"

"ಹಾಗಾದ್ರೆ ನಾನು ಸರಿ ಮಾಡಿದ್ದು ಯಾರಿಗೂ ಗೊತ್ತೇ ಆಗಲ್ವಾ?"

ನನಗೆ ಪಾಪ ಅನ್ನಿಸಿತು.

ಆಗ ಲ್ಯಾಪ್‌ಟಾಪ್ ಟಿಣ್ ಎಂದಿತು. ಯಾರೋ ನಾಳೆ ಬೆಳಗಿನ ಮೊದಲ ಸಮಯ ಕಾದಿರಿಸಿದ್ದರು. ಭಾವ ಗಟ್ಟಿಯಾಗಿ ಓದತೊಡಗಿದರು.

"ಹೆಸರು: ನಮ್ಮನೆಯವರು. ಕೆಲಸ: ಕ್ಷೌರ. ವಿಶೇಷ ಸೂಚನೆ: ಸರ್ವರ್ ಡ್ಯೂಟಿಗೆ ನೀಟಾಗಿ ಬರಬೇಕು. ಕುರ್ಚಿಯಲ್ಲಿ ಕೂತಾಗ ಮಾತಾಡುವಂತಿಲ್ಲ."

ಕೋಣೆಯ ಬಾಗಿಲಿನ ಪರದೆ ಸರಿಸಿ ನೋಡಿದೆ. ಅಕ್ಕ ತನ್ನ ಫೋನನ್ನು ಏಪ್ರನ್ ಜೇಬಿಗೆ ಇಳಿಬಿಟ್ಟು, ಏನೂ ಅರಿಯದವಳಂತೆ ಯಾರದೋ ಜುಟ್ಟು ಹಿಡಿದು ನಿಂತಿದ್ದಳು.

ಭಾವ ಆ ಸಾಲುಗಳನ್ನೇ ನೋಡುತ್ತಾ ನೆತ್ತಿ ಸವರಿಕೊಂಡರು.

"ಎಷ್ಟು ಹೊತ್ತಿನ ಕೆಲಸ ಅಂತ ಹಾಕ್ಲಿ?"

"ಇರೋದು ನಾಲ್ಕು ಕೂದಲು ಭಾವ. ಐದು ನಿಮಿಷ ಸಾಕು."

"ಒಂದು ಗಂಟೆ ಹಾಕ್ತೀನಿ" ಎಂದರು ಭಾವ.