ವಾಸುದೇವರಾಯರ ರಾಜಕುಮಾರಿ

ಆ ಕಾದಂಬರಿಯ ಮಾತೆತ್ತಿದರೆ ಸಾಕು, ಶಿವಗಂಗಾಗೆ ಮೈಯೆಲ್ಲ ಉರಿಯುತ್ತಿತ್ತು. ಅಬಿಡ್ಸ್‌ನ ಆ ಮನೆಯಲ್ಲಿ ಅವಳು ಕಸ ಗುಡಿಸಿ ರೊಟ್ಟಿ ಬಡಿಯುವವಳು. ಯಜಮಾನ ವಾಸುದೇವರಾಯರು ನಿವೃತ್ತ ಅಧಿಕಾರಿ. ಮೂರು ವರ್ಷದಿಂದ ಪ್ರೇಮದ ಕಾದಂಬರಿ ಬರೆಯುತ್ತಿದ್ದರು. ಅದರ ನಾಯಕಿ ಹಾಳು ಗುಡಿಯೊಂದರ ಗೋಡೆಯ ಮೇಲಿನ ಕಲ್ಲಿನ ಹೆಣ್ಣು, ಸಾವಿರ ವರ್ಷದ ಹಳಬಳು. ಅವಳ ಫೋಟೋ ರಾಯರ ಮೇಜಿನ ಮೇಲಿತ್ತು. ಅದರ ಮೇಲೆ ಚೂರು ಧೂಳು ಕಂಡರೆ ಶಿವಗಂಗಾಗೆ ಬೈಗುಳ ತಪ್ಪುತ್ತಿರಲಿಲ್ಲ.

ತೆಲುಗು ನಾಡಿನ ಆ ಊರಿನಲ್ಲಿ ಕನ್ನಡ ಕೇಳುವವರು ಬೇರೆ ಯಾರೂ ಸಿಗದೆ ರಾಯರು ಬರೆದದ್ದನ್ನೆಲ್ಲ ಅವಳಿಗೇ ಓದಿ ಹೇಳುತ್ತಿದ್ದರು. ಅವತ್ತೂ ಓದಿದರು: "ತಲೆಯ ಮೇಲೆ ದುಂಡು ಕಿರೀಟ. ಸೊಂಟಕ್ಕೆ ಕೈಯಿಟ್ಟು, ಬೆನ್ನು ಬಾಗಿಸಿ, ರಾಜಕುಮಾರಿ ನನ್ನ ದಾರಿ ಕಾಯುತ್ತಿದ್ದಾಳೆ. ಇಂಥ ನಿಲುವು ಇಂದಿನ ಯಾವ ಹೆಣ್ಣಿಗಿದೆ?"

ಶಿವಗಂಗಾ ಪೊರಕೆ ಬಿಸಾಡಿದಳು. ಲಿಂಗಸುಗೂರಿನಿಂದ ಬಂದು ಹದಿನಾಲ್ಕು ವರ್ಷ ಇದೇ ಊರಿನ ಸನತ್‌ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು ಅವಳು. ಸೊಂಟ ಬಿದ್ದುಹೋದ ಮೇಲೆಯೇ ಈ ಮನೆಗೆಲಸಕ್ಕೆ ಸೇರಿದ್ದು.

"ಎಲ್ಲೀ ಕಿರೀಟರಿ? ಅದು ಹೊರಿ ಹೊರೋ ಸಿಂಬಿ! ಈಗಷ್ಟ ಬುಟ್ಟಿ ಇಳಿಸ್ಯಾಳ, ನಡ ಹಿಡಕೊಂಡೈತಿ, ಅದಕ್ಕ ಹಂಗ ನಿಂತಾಳ. ನಿಮ್ಮ ದಾರಿ ಕಾಯಾಕ ಆಕಿಗೇನು ಬ್ಯಾರೆ ಕೆಲಸ ಇಲ್ಲೇನ್ರಿ?"

ರಾಯರು ನಕ್ಕರು. "ಶಿಲ್ಪ ಅಂದ್ರ ನಿನಗೇನು ತಿಳೀತದ?"

ಶಿವಗಂಗಾ ಹೆಗಲ ಮೇಲಿನ ಒರೆಸುಬಟ್ಟೆಯನ್ನು ಸುರುಳಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಫೋಟೋದ ಪಕ್ಕಕ್ಕೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ಬೆನ್ನು ಬಾಗಿಸಿ ನಿಂತಳು. ಅದೇ ದುಂಡು, ಅದೇ ಬಾಗು. ರಾಯರ ನಗು ಅಲ್ಲಿಗೇ ನಿಂತಿತು.

"ಮೂರು ವರ್ಷದಿಂದ ದಿನಾ ನಿಮ್ಮ ಮುಂದ ಹಿಂಗ ನಿಂತೀನ್ರಿ," ಅಂದಳು. "ನನಗ ಕೆಲಸಗಳ್ಳಿ ಅಂದ್ರಿ."